ಹೊಗೆಯ ಮೇಲಿನ ಸುಂಕ: ಬಿಜಾಪುರದ ಚಿಲುಮಿಯಿಂದ ಮಂಗಳೂರಿನ ಬೀಡಿಯವರೆಗೆ

2025ರ ಸೆಪ್ಟೆಂಬರ್ ತಿಂಗಳಲ್ಲಿ ಜಿಎಸ್‌ಟಿ ಮಂಡಳಿಯು ತನ್ನ ದರಪಟ್ಟಿಯನ್ನು ಪರಿಷ್ಕರಿಸಿದಾಗ ಸಿಗರೇಟು, ಗುಟ್ಕಾ, ಪಾನ್ ಮಸಾಲ ಮತ್ತು ಸಕ್ಕರೆ ಬೆರೆಸಿದ ತಂಪು ಪಾನೀಯಗಳನ್ನು ಶೇ. 40ರ ದರಕ್ಕೆ ಏರಿಸಲು ತೀರ್ಮಾನಿಸಿತು. ಅದೇ ಸಭೆಯಲ್ಲಿ ಬೀಡಿಯ ಮೇಲಿನ ದರವನ್ನು ಶೇ. 28ರಿಂದ 18ಕ್ಕೆ ಇಳಿಸುವ ನಿರ್ಧಾರವೂ ಆಯಿತು. ಇಂತಹ ತೀರ್ಮಾನಗಳು ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ನಾನು ಏನು ಸೇದುತ್ತೇನೆ, ಏನು ಕುಡಿಯುತ್ತೇನೆ ಎಂಬುದು ನನ್ನ ಇಷ್ಟ, ಅದರಲ್ಲಿ ಸರಕಾರಕ್ಕೇನು ಕೆಲಸ ಎಂಬುದು ಒಂದು. ಜನರು ತಮ್ಮನ್ನು ತಾವೇ ನಾಶಪಡಿಸಿಕೊಳ್ಳುವಾಗ ಆಳುವವರು ಕೈಕಟ್ಟಿ ಕೂರಬೇಕೇ ಎಂಬುದು ಇನ್ನೊಂದು.

ಈ ವಾದ ಪಾಶ್ಚಾತ್ಯರಿಂದ ನಮಗೆ ಬಂದದ್ದು ಎಂದು ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ವಾಸ್ತವದಲ್ಲಿ ಮುಸ್ಲಿಮ್ ಜಗತ್ತು ಇದನ್ನು ನಾಲ್ಕು ನೂರು ವರ್ಷಗಳ ಹಿಂದೆಯೇ ಚರ್ಚಿಸಿದೆ. ನಿಷೇಧ, ಮರಣದಂಡನೆ, ಫತ್ವಾ, ಪ್ರತಿ-ಫತ್ವಾ, ಕೊನೆಗೆ ತೆರಿಗೆ ಹೀಗೆ ಎಲ್ಲ ಮೆಟ್ಟಿಲುಗಳನ್ನೂ ಅದು ಹತ್ತಿ ಇಳಿದಿದೆ. ಆ ಚರಿತ್ರೆಯ ಆರಂಭದ ಒಂದು ಅಧ್ಯಾಯ ನಡೆದದ್ದು ನಮ್ಮದೇ ನಾಡಿನ ಬಿಜಾಪುರದಲ್ಲಿ.

ಅಕ್ಬರ್ ಬಾದಶಹನ ರಾಯಭಾರಿಯಾಗಿ ಅಸದ್ ಬೇಗ್ ಎಂಬವರು ಎರಡನೇ ಇಬ್ರಾಹೀಮ್ ಆದಿಲ್‌ಶಾಹನ ಆಸ್ಥಾನಕ್ಕೆ ಬಂದಿದ್ದರು. ಬಿಜಾಪುರದಲ್ಲಿ ಅವರು ಮೊದಲ ಬಾರಿಗೆ ತಂಬಾಕನ್ನು ಕಂಡರು. ಉತ್ತರದಲ್ಲಿ ಅಂತಹ ವಸ್ತುವನ್ನು ತಾವು ನೋಡಿರಲಿಲ್ಲವೆಂದು ಅವರೇ ಬರೆದಿಟ್ಟಿದ್ದಾರೆ. ಪೋರ್ಚುಗೀಸರು ಗೋವೆಗೆ ತಂದ ಸೊಪ್ಪು ಅಷ್ಟು ಹೊತ್ತಿಗೆ ದಖ್ಖನಿನ ಶ್ರೀಮಂತರ ಬೈಠಕ್‌ಗಳನ್ನು ಸೇರಿತ್ತು. ಅಸದ್ ಬೇಗ್ ಸ್ವಲ್ಪ ತಂಬಾಕನ್ನೂ ರತ್ನ ಕೆತ್ತಿದ ಒಂದು ಉದ್ದನೆಯ ಕೊಳವೆಯನ್ನೂ ಆಗ್ರಾಕ್ಕೆ ಕೊಂಡೊಯ್ದರು. ಅದರ ಬಾಯಿಗೆ ಯಮನಿನ ಅಖೀಖ್ ಕಲ್ಲನ್ನು ಕೂರಿಸಲಾಗಿತ್ತು. 1604ರ ಸುಮಾರಿಗೆ ಅದನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ಬಾದಶಹನ ಮುಂದೆ ಇರಿಸಲಾಯಿತು.

ಆ ದರ್ಬಾರಿನಲ್ಲಿ ನಡೆದ ಸಂವಾದವನ್ನು ಅಸದ್ ಬೇಗ್ ವಿವರವಾಗಿ ದಾಖಲಿಸಿದ್ದಾರೆ. ಇದು ಮಕ್ಕಾ-ಮದೀನಗಳಲ್ಲೂ ಪರಿಚಿತವಾದ ವಸ್ತು, ಔಷಧವಾಗಿ ತಂದಿದ್ದಾರೆ ಎಂದು ಖಾನೆ ಆಝಮ್ ಪರಿಚಯಿಸಿದರು. ಅಕ್ಬರ್ ಎರಡು ಮೂರು ದಮ್ಮು ಎಳೆದೊಡನೆ ಹಕೀಮರು ಆತಂಕಗೊಂಡು ಸಾಕೆಂದರು. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಉಲ್ಲೇಖವೇ ಇಲ್ಲ, ಪರೀಕ್ಷಿಸದ ವಸ್ತುವನ್ನು ಸೇವಿಸುವುದು ಸರಿಯಲ್ಲ, ಫರಂಗಿಗಳ ಅಭ್ಯಾಸವನ್ನು ನಾವೇಕೆ ಅನುಸರಿಸಬೇಕು ಎಂಬುದು ಅವರ ವಾದ. ಲೋಕದಲ್ಲಿ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೇ ಎಂದು ಅಸದ್ ಬೇಗ್ ಮರುನುಡಿದರು. ಬಾದಶಹನಿಗೆ ಆ ಮಾತು ಹಿಡಿಸಿತು. ಆದರೆ ಆತ ಆ ಅಭ್ಯಾಸವನ್ನು ತಾನು ಬೆಳೆಸಿಕೊಳ್ಳಲಿಲ್ಲ. ಬೆಳೆಸಿಕೊಂಡವರು ಅಮೀರರು. ಅಸದ್ ಬೇಗ್ ಹಂಚಿದ ತಂಬಾಕನ್ನು ಸೇದಿದವರೆಲ್ಲ ಮತ್ತೆ ಬೇಕೆಂದರು. ವರ್ತಕರು ಮಾರತೊಡಗಿದರು. ರೂಢಿ ಹಬ್ಬಿತು.

ಇಲ್ಲಿ ಹಕೀಮರ ಮಾತನ್ನು ನಾವು ಸ್ವಲ್ಪ ಗಮನಿಸಬೇಕು. ಪ್ರಗತಿಯ ಪರವಾಗಿ ಮಾತಾಡಿದವರು ಅಸದ್ ಬೇಗ್, ಹಳೆಯ ಗ್ರಂಥಕ್ಕೆ ಅಂಟಿಕೊಂಡವರು ಹಕೀಮರು ಎಂದು ಇದನ್ನು ಓದುವುದು ಸುಲಭ. ಆದರೆ ಪರೀಕ್ಷೆಯಾಗದ ವಸ್ತು ದೇಹಕ್ಕೆ ಬೇಡ ಎಂದ ಹಕೀಮರೇ ಸರಿ ಎಂಬುದನ್ನು ವೈದ್ಯವಿಜ್ಞಾನ ಸಾಬೀತುಪಡಿಸಲು ಸುಮಾರು ಮುನ್ನೂರೈವತ್ತು ವರ್ಷಗಳು ಬೇಕಾದವು.

ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ತಂಬಾಕನ್ನು ದ್ವೇಷಿಸಿ ಒಂದು ಪುಸ್ತಿಕೆಯನ್ನೇ ಬರೆದ. ಒಂದು ಪೌಂಡ್ ತೂಕಕ್ಕೆ ಎರಡು ಪೆನ್ಸ್ ಇದ್ದ ಆಮದು ಸುಂಕವನ್ನು 6 ಶಿಲಿಂಗ್ 10 ಪೆನ್ಸ್‌ಗೆ ಏರಿಸಿದ. ಒಂದು ಶಿಲಿಂಗಿಗೆ ಹನ್ನೆರಡು ಪೆನ್ಸ್ ಎಂದು ಲೆಕ್ಕ ಹಾಕಿದರೆ ಇದು ನಲ್ವತ್ತೊಂದು ಪಟ್ಟು. ಕೆಲವೇ ವರ್ಷಗಳಲ್ಲಿ ವರ್ಜೀನಿಯಾದ ವಸಾಹತು ತಂಬಾಕನ್ನು ಬೆಳೆದು ಕಳುಹಿಸತೊಡಗಿತು. ಆ ಸೊಪ್ಪಿನ ಆದಾಯ ದೊರೆಯ ಖಜಾನೆಗೆ ಬೇಕಾಯಿತು. ದ್ವೇಷ ಪುಸ್ತಿಕೆಯಲ್ಲಿ ಉಳಿಯಿತು.

ಮೊಗಲ್ ಸಾಮ್ರಾಜ್ಯದಲ್ಲಿ ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನು ನಿಷೇಧಿಸಿದ. ಅದು ಅನೇಕರ ದೇಹ ಮತ್ತು ಮನಸ್ಸನ್ನು ಕೆಡಿಸುತ್ತಿದೆ ಎಂಬ ಕಾರಣವನ್ನು ಆತ ತನ್ನ ಆತ್ಮಕಥೆಯಲ್ಲಿ ಕೊಟ್ಟಿದ್ದಾನೆ. ಇರಾನಿನ ಶಾಹ್ ಅಬ್ಬಾಸ್ ಕೂಡ ಇಂತಹದೇ ಆಜ್ಞೆ ಹೊರಡಿಸಿದ್ದ. ಆದರೆ ಜಹಾಂಗೀರನ ರಾಯಭಾರಿ ಖಾನೆ ಆಲಮ್‌ಗೆ ತಂಬಾಕು ಇಲ್ಲದೆ ಒಂದು ಗಳಿಗೆಯೂ ಸಾಗದು ಎಂದು ತಿಳಿದಾಗ ಶಾಹ್ ಅಬ್ಬಾಸ್ ಒಂದು ಕವಿತೆಯ ಸಾಲಿನ ಮೂಲಕ ಆತನಿಗೆ ಅನುಮತಿ ಕೊಟ್ಟ. ಇದನ್ನು ಬರೆದಿಟ್ಟವನೂ ಜಹಾಂಗೀರನೇ. ಅದೇ ಆತ್ಮಕಥೆಯಲ್ಲಿ ತನ್ನ ಮದ್ಯಪಾನ ಮತ್ತು ಅಫೀಮಿನ ಪ್ರಮಾಣವನ್ನೂ ಆತ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದ ಮದ್ಯ ಬಾದಶಹನ ಕೈಯಲ್ಲಿ, ಕುರ್‌ಆನಿನಲ್ಲಿ ಹೆಸರೇ ಇಲ್ಲದ ತಂಬಾಕು ಪ್ರಜೆಗಳಿಗೆ ನಿಷಿದ್ಧ. ಆ ನಿಷೇಧ ಬಾಳಲಿಲ್ಲ ಎಂಬುದರಲ್ಲಿ ಅಚ್ಚರಿಯೇನಿದೆ? ಆ ಶತಮಾನ ಮುಗಿಯುವ ಮುನ್ನವೇ ಹುಕ್ಕಾ ಹಿಂದುಸ್ತಾನದ ಆತಿಥ್ಯದ ಭಾಗವಾಗಿತ್ತು.

ಉಸ್ಮಾನಿ ಸಾಮ್ರಾಜ್ಯದ ಕಥೆ ಇದಕ್ಕಿಂತ ಘೋರವಾದದ್ದು. 1600ರ ಆಸುಪಾಸಿನಲ್ಲಿ ಅಲ್ಲಿಗೆ ಬಂದ ತಂಬಾಕನ್ನು ಸುಲ್ತಾನ್ ಅಹ್ಮದ್ 1609ರಲ್ಲೇ ನಿಷೇಧಿಸಿದ್ದರು. ಅದು ಹೆಚ್ಚು ದಿನ ನಡೆಯಲಿಲ್ಲ. 1633ರಲ್ಲಿ ಇಸ್ತಾಂಬುಲಿನ ದೊಡ್ಡ ಭಾಗವೊಂದು ಬೆಂಕಿಗೆ ಆಹುತಿಯಾದ ಬಳಿಕ ನಾಲ್ಕನೇ ಮುರಾದ್ ಕಾಫಿ ಅಂಗಡಿಗಳನ್ನು ಮುಚ್ಚಿಸಿ ಧೂಮಪಾನಕ್ಕೆ ಮರಣದಂಡನೆ ವಿಧಿಸಿದರು. ಖಾದಿಝಾದೆ ಮಹ್ಮದ್ ಎಂಬ ಪ್ರಭಾವಶಾಲಿ ಪ್ರವಚನಕಾರರ ಬೆಂಬಲವೂ ಸುಲ್ತಾನರಿಗಿತ್ತು. ಬೆಂಕಿ ಒಂದು ನೆಪ, ಕಾಫಿ ಅಂಗಡಿಗಳಲ್ಲಿ ಕೂತು ರಾಜಕೀಯ ಮಾತನಾಡುತ್ತಿದ್ದ ಸೈನಿಕರ ಬಾಯಿ ಮುಚ್ಚಿಸುವುದೇ ನಿಜವಾದ ಉದ್ದೇಶ ಎಂದು ಇತಿಹಾಸಕಾರರಲ್ಲಿ ಹಲವರು ಅಭಿಪ್ರಾಯಪಡುತ್ತಾರೆ. ಪ್ರಜೆಯ ಆರೋಗ್ಯದ ಹೆಸರಿನಲ್ಲಿ ಆಳುವವನು ಕೈ ಚಾಚಿದಾಗ ಆ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂಬ ಭಯ ಆಧಾರವಿಲ್ಲದ್ದೇನಲ್ಲ.

ಈ ನಿಷೇಧವನ್ನು ಕಣ್ಣಾರೆ ಕಂಡ ಒಬ್ಬ ವಿದ್ವಾಂಸರ ಬರಹ ನಮಗೆ ಉಳಿದಿದೆ. ಅವರು ಕಾತಿಬ್ ಚಲಬಿ. 'ಕಶ್ಫುಝ್ಝುನೂನ್' ಎಂಬ ಮಹಾ ಗ್ರಂಥಸೂಚಿಯ ಕರ್ತೃ ಹಾಜಿ ಖಲೀಫಾ ಎಂಬ ಹೆಸರಿನಿಂದ ನಮ್ಮ ಮದ್ರಸಾಗಳ ಉಸ್ತಾದರಿಗೆ ಇವರು ಪರಿಚಿತರು. ಸೈನ್ಯದ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರಾಗಿದ್ದ ಇವರು ಮುರಾದರ ಬಗ್ದಾದ್ ದಂಡಯಾತ್ರೆಯ ಕಾಲದ ಸಂಗತಿಗಳನ್ನು 1656ರಲ್ಲಿ ಬರೆದ 'ಮೀಝಾನುಲ್ ಹಕ್' ಎಂಬ ಕಿರುಗ್ರಂಥದಲ್ಲಿ ನೆನಪಿಸಿಕೊಂಡಿದ್ದಾರೆ. ಸೇದುವವರನ್ನು ಬಿಡಾರದಲ್ಲೇ ಕೊಲ್ಲಲಾಗುತ್ತಿತ್ತು. ಆದರೂ ಸೈನಿಕರು ಗಿಡ್ಡ ಚಿಲುಮಿಗಳನ್ನು ತೋಳಿನೊಳಗೆ, ಜೇಬಿನೊಳಗೆ ಅಡಗಿಸಿಟ್ಟು, ಮರಣದಂಡನೆ ನಡೆಯುತ್ತಿರುವ ಹೊತ್ತಿನಲ್ಲೇ ಅವಕಾಶ ಸಾಧಿಸಿ ಸೇದುತ್ತಿದ್ದರು. ಇಸ್ತಾಂಬುಲಿನ ಸೈನಿಕರು ಶೌಚಾಲಯಗಳಲ್ಲಿ ಅವಿತು ಸೇದುತ್ತಿದ್ದರು. ಶಿಕ್ಷೆ ಹೆಚ್ಚಿದಷ್ಟೂ ಆಸೆ ಹೆಚ್ಚಿತು ಎಂಬುದು ಅವರ ಅವಲೋಕನ.

ಚಲಬಿ ತಂಬಾಕಿನ ಅಭಿಮಾನಿಯಲ್ಲ. ಆ ಹೊಗೆ ಗಾಳಿಯನ್ನು ಕೆಡಿಸುತ್ತದೆ, ಅದರ ವಾಸನೆ ಅಸಹ್ಯ ಎಂದೇ ಅವರು ಬರೆಯುತ್ತಾರೆ. ಆದರೆ ಅದನ್ನು ಹರಾಮ್ ಎಂದು ಘೋಷಿಸಲು ಅವರು ಹಿಂಜರಿಯುತ್ತಾರೆ. ವಸ್ತುಗಳ ಮೂಲಸ್ಥಿತಿ ಅನುಮತಿಯೇ ಆಗಿದೆ, ನಿಷೇಧಕ್ಕೆ ಸ್ಪಷ್ಟ ಪುರಾವೆ ಬೇಕು ಎಂಬ ಫಿಕ್ಹ್‌ನ ತತ್ವವನ್ನು ಮುಂದಿಡುತ್ತಾರೆ. ಲಕ್ಷಾಂತರ ಜನ ಬಿಡಲಾರದ ವಸ್ತುವನ್ನು ಹರಾಮ್ ಎಂದರೆ ಅವರೆಲ್ಲರನ್ನೂ ಪಾಪಿಗಳನ್ನಾಗಿ ಮಾಡಿದಂತೆ ಎಂಬುದು ಅವರ ಚಿಂತೆ. ಕೊನೆಗೆ ಅವರು ಕೊಡುವ ಸಲಹೆ ಇಂದಿನ ಅರ್ಥಸಚಿವರೊಬ್ಬರ ಭಾಷಣದಂತೆ ಕೇಳಿಸುತ್ತದೆ: ಕೊಲ್ಲುವುದನ್ನು ನಿಲ್ಲಿಸಿ, ಮಾರಾಟವನ್ನು ಗುತ್ತಿಗೆಯ ಮೂಲಕ ಹದ್ದಿನಲ್ಲಿಟ್ಟು, ನಿಗದಿತ ಮೊತ್ತವನ್ನು ಖಜಾನೆಗೆ ಪಡೆಯಿರಿ. ಆ ವೇಳೆಗೆ ಶೈಖುಲ್ ಇಸ್ಲಾಮ್ ಬಹಾಈ ಅಫಂದಿಯವರು ತಂಬಾಕಿಗೆ ಅನುಮತಿಯ ಫತ್ವಾ ಕೊಟ್ಟಾಗಿತ್ತು. ಅವರು ಸ್ವತಃ ವಿಪರೀತ ಧೂಮಪಾನಿಯಾಗಿದ್ದರು. ಫತ್ವಾ ಆ ಅಭ್ಯಾಸದಿಂದ ಹುಟ್ಟಿದ್ದಲ್ಲ, ಜನರ ಸ್ಥಿತಿಯನ್ನು ನೋಡಿ ಕೊಟ್ಟದ್ದು ಎಂದು ಚಲಬಿ ಅವರನ್ನು ಸಮರ್ಥಿಸುತ್ತಾರೆ. ಓದುಗರು ನಕ್ಕರೆ ನಾವು ತಡೆಯಲಾರೆವು.

ವ್ಯಕ್ತಿಸ್ವಾತಂತ್ರ್ಯದ ಪರವಾದ ಬಲವಾದ ಧ್ವನಿ ಕೇಳಿಬಂದದ್ದು ದಮಾಸ್ಕಸ್‌ನಿಂದ. ಹನಫೀ ವಿದ್ವಾಂಸರೂ ಸೂಫಿಯೂ ಆಗಿದ್ದ ಅಬ್ದುಲ್ ಗನೀ ನಾಬುಲುಸಿ(ರ) 1682ರಲ್ಲಿ ತಂಬಾಕಿನ ಅನುಮತಿಯನ್ನು ಸಮರ್ಥಿಸಿ ಒಂದು ಗ್ರಂಥವನ್ನೇ ರಚಿಸಿದರು. ಅಲ್ಲಾಹನು ನಿಷೇಧಿಸದ್ದನ್ನು ನಿಷೇಧಿಸುವ ಅಧಿಕಾರ ಯಾರಿಗಿದೆ ಎಂಬುದು ಅವರ ಪ್ರಶ್ನೆಯ ತಿರುಳು. ಸುಲ್ತಾನನ ಆಜ್ಞೆ ಅಲ್ಲಾಹನ ಕಟ್ಟಳೆಗೆ ಹೊಂದಿಕೊಂಡಿದ್ದರೆ ಪಾಲನೀಯ. ಅದು ಆತನ ಸ್ವಂತ ಇಷ್ಟಾನಿಷ್ಟದಿಂದ ಹುಟ್ಟಿದ್ದರೆ ಮುಅ್ಮಿನನ ಮನಸ್ಸಾಕ್ಷಿಯನ್ನು ಅದು ಕಟ್ಟಿಹಾಕಲಾರದು. ಅವರ ತೀರ್ಪಿನ ವೈದ್ಯಕೀಯ ಭಾಗವನ್ನು ನಾವು ಇಂದು ಒಪ್ಪಲಾರೆವು. ತಂಬಾಕು ಕೊಲ್ಲುತ್ತದೆ ಎಂಬುದು ಅವರ ಕಾಲದಲ್ಲಿ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ತಿಳಿದ ಬಳಿಕ ಇಪ್ಪತ್ತನೇ ಶತಮಾನದ ಅನೇಕ ಉಲಮಾಗಳು, ನಿಮ್ಮ ಕೈಯಾರೆ ನಿಮ್ಮನ್ನು ವಿನಾಶಕ್ಕೆ ದೂಡಿಕೊಳ್ಳಬೇಡಿ ಎಂಬ ಆಶಯದ ಕುರ್‌ಆನ್ ಸೂಕ್ತವನ್ನೂ (2:195), ಸ್ವತಃ ಹಾನಿಗೊಳ್ಳುವುದಕ್ಕೂ ಪರರನ್ನು ಹಾನಿಗೊಳಿಸುವುದಕ್ಕೂ ಎಡೆಯಿಲ್ಲ ಎಂಬ ಪ್ರವಾದಿ(ಸ) ವಚನದ ತತ್ವವನ್ನೂ ಆಧರಿಸಿ ಅದನ್ನು ಹರಾಮ್ ಎಂದರು. ಆದರೂ ನಾಬುಲುಸಿಯವರ ರಾಜಕೀಯ ಪ್ರಶ್ನೆ ಹಳತಾಗಿಲ್ಲ.

ಸ್ವಾತಂತ್ರ್ಯದ ಈ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಇನ್ನೂ ಹಿಂದಿನ ಒಂದು ನಿದರ್ಶನವಿದೆ. ಇಮಾಮ್ ಗಝ್ಝಾಲಿ(ರ) 'ಇಹ್ಯಾ ಉಲೂಮಿದ್ದೀನ್'ನಲ್ಲಿ ಅದನ್ನು ಉದ್ಧರಿಸಿದ್ದಾರೆ. ಖಲೀಫಾ ಉಮರ್(ರ) ಒಂದು ಮನೆಯ ಗೋಡೆ ಹತ್ತಿ ಒಳಗೆ ಇಳಿದಾಗ ಒಬ್ಬಾತ ಪಾಪಕೃತ್ಯದಲ್ಲಿ ತೊಡಗಿದ್ದ. ಖಲೀಫರು ಗದರಿಸಿದರು. ಆತ ಹೆದರಲಿಲ್ಲ. ನಾನು ಒಂದು ವಿಷಯದಲ್ಲಿ ಅಲ್ಲಾಹನ ಆಜ್ಞೆ ಮೀರಿದ್ದರೆ ತಾವು ಮೂರರಲ್ಲಿ ಮೀರಿದ್ದೀರಿ ಎಂದ. ಗೂಢಚರ್ಯೆ ಬೇಡವೆಂದು ಅಲ್ಲಾಹನು ಹೇಳಿದ್ದಾನೆ, ತಾವು ಅದನ್ನು ಮಾಡಿದಿರಿ. ಮನೆಗಳನ್ನು ಬಾಗಿಲಿನಿಂದ ಪ್ರವೇಶಿಸಿ ಎಂದಿದ್ದಾನೆ, ತಾವು ಗೋಡೆ ಹತ್ತಿದಿರಿ. ಅನುಮತಿ ಪಡೆದು ಸಲಾಮ್ ಹೇಳಿ ಎಂದಿದ್ದಾನೆ, ತಾವು ಹೇಳಲಿಲ್ಲ. ಖಲೀಫರು ಆತನಿಗೆ ಪಶ್ಚಾತ್ತಾಪದ ಮಾತು ಹೇಳಿ ಹಿಂದಿರುಗಿದರು. ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬನು ಬಹಿರಂಗವಾಗಿ ಕಾಣುವುದರ ಮೇಲಷ್ಟೇ ಕ್ರಮ ಕೈಗೊಳ್ಳಬೇಕು, ಮುಚ್ಚಿದ ಬಾಗಿಲಿನ ಹಿಂದೆ ಇಣುಕಬಾರದು ಎಂಬ ನಿಯಮವನ್ನು ಗಝ್ಝಾಲಿ(ರ) ಈ ಚರ್ಚೆಯಲ್ಲಿ ಸ್ಥಾಪಿಸುತ್ತಾರೆ.

ಮನೆಗೂ ಮಾರುಕಟ್ಟೆಗೂ ನಡುವೆ ಎಳೆದ ಈ ಗೆರೆ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಮುರಾದರ ಸೈನಿಕರನ್ನು ಬಿಡಾರದಲ್ಲಿ ಹುಡುಕಿ ಕೊಂದದ್ದು ಗೋಡೆ ಹತ್ತಿದಂತೆ. ಆದರೆ ತೂಕದಲ್ಲಿ ಮೋಸ ಮಾಡುವ, ಹಾಲಿಗೆ ನೀರು ಬೆರೆಸುವ ವರ್ತಕನನ್ನು ತಡೆಯುವ ಮುಹ್ತಸಿಬನ ಅಧಿಕಾರವನ್ನು ಯಾವ ಫಕೀಹರೂ ಪ್ರಶ್ನಿಸಲಿಲ್ಲ. ತೆರಿಗೆ ಎಂಬುದು ಸೇದುವವನ ಮನೆಗೆ ನುಗ್ಗುವುದಿಲ್ಲ, ಅಂಗಡಿಯ ಕಟ್ಟೆಯಲ್ಲಿ ನಿಲ್ಲುತ್ತದೆ. ಆದ್ದರಿಂದ ನನ್ನ ದೇಹ ನನ್ನ ಇಷ್ಟ ಎಂಬ ವಾದ ನಿಷೇಧದ ಎದುರು ನಿಂತಷ್ಟು ಬಲವಾಗಿ ತೆರಿಗೆಯ ಎದುರು ನಿಲ್ಲಲಾರದು ಎಂಬುದು ನಮ್ಮ ಅಭಿಪ್ರಾಯ. ಸ್ವಾತಂತ್ರ್ಯದ ಪರಮ ಪ್ರತಿಪಾದಕ ಜಾನ್ ಸ್ಟುವರ್ಟ್ ಮಿಲ್ ಕೂಡ 1859ರ ತನ್ನ 'ಆನ್ ಲಿಬರ್ಟಿ'ಯಲ್ಲಿ ಇಲ್ಲಿ ತಡವರಿಸಿದ್ದಾನೆ. ಜನರಿಗೆ ಸಿಗದಂತೆ ಮಾಡಲೆಂದೇ ಮದ್ಯದ ಮೇಲೆ ತೆರಿಗೆ ಹಾಕುವುದು ನಿಷೇಧದ ಇನ್ನೊಂದು ರೂಪ ಎಂದು ಮೊದಲು ಹೇಳುತ್ತಾನೆ. ಹೇಗೂ ಸರಕಾರಕ್ಕೆ ಆದಾಯ ಬೇಕು, ಜನ ಬಿಟ್ಟು ಬದುಕಬಲ್ಲ ಇಂತಹ ವಸ್ತುಗಳಿಂದ ಅತ್ಯಧಿಕ ಆದಾಯ ಬರುವಷ್ಟು ತೆರಿಗೆ ಪಡೆಯುವುದು ಒಪ್ಪಿತವೇ ಎಂದು ಆಮೇಲೆ ಹೇಳುತ್ತಾನೆ.

'ಅತ್ಯಧಿಕ ಆದಾಯ ಬರುವಷ್ಟು.' ಅಪಾಯ ಇರುವುದು ಇಲ್ಲಿಯೇ. ತೆರಿಗೆಯ ಗುರಿ ಆದಾಯವೇ ಆದರೆ ಜನ ಆ ಚಟವನ್ನು ಬಿಡಬಾರದು. ಗುರಿ ಆರೋಗ್ಯವಾದರೆ ಆದಾಯ ವರ್ಷದಿಂದ ವರ್ಷಕ್ಕೆ ಕುಗ್ಗಬೇಕು. ಎರಡೂ ಒಟ್ಟಿಗೆ ಬಹಳ ಕಾಲ ಸಾಗುವುದಿಲ್ಲ. ಮದ್ಯ ಮತ್ತು ಜೂಜಿನ ಕುರಿತ ಕುರ್‌ಆನ್ ಸೂಕ್ತ (2:219) ಅವುಗಳಲ್ಲಿ ಜನರಿಗೆ ಕೆಲವು ಲಾಭಗಳಿವೆಯೆಂದು ಒಪ್ಪಿಕೊಂಡೇ, ಕೇಡು ಲಾಭಕ್ಕಿಂತ ದೊಡ್ಡದು ಎನ್ನುತ್ತದೆ. ಖಜಾನೆಗೆ ಬರುವ ಹಣವೂ ಆ ಲಾಭಗಳಲ್ಲಿ ಒಂದೆಂದು ನಾವು ತಿಳಿದರೆ ತಪ್ಪಾಗದು.

ಇದಕ್ಕೆ ಪುರಾವೆ ಬೇಕಾದರೆ ಮತ್ತೆ ಇಸ್ತಾಂಬುಲಿಗೇ ಹೋಗಬೇಕು. ಚಲಬಿಯವರ ಸಲಹೆ ಕಾಲಕ್ರಮದಲ್ಲಿ ಕೈಗೂಡಿತು. ಹದಿನೇಳನೇ ಶತಮಾನ ಮುಗಿಯುವ ಮೊದಲೇ ತಂಬಾಕು ಅಲ್ಲಿ ಕಾನೂನುಬದ್ಧ ತೆರಿಗೆಯ ವಸ್ತುವಾಯಿತು. ಇನ್ನೂರು ವರ್ಷಗಳ ಬಳಿಕ ಯುರೋಪಿನ ಸಾಲದಲ್ಲಿ ಮುಳುಗಿದ ಸಾಮ್ರಾಜ್ಯ 1881ರಲ್ಲಿ ತನ್ನ ಆದಾಯದ ಮೂಲಗಳನ್ನು ಸಾಲಗಾರರ ಆಡಳಿತ ಮಂಡಳಿಯೊಂದಕ್ಕೆ ಒಪ್ಪಿಸಬೇಕಾಯಿತು. 1883ರಲ್ಲಿ ತಂಬಾಕಿನ ಏಕಸ್ವಾಮ್ಯ 'ರೆಝಿ' ಎಂಬ ವಿದೇಶಿ ಬಂಡವಾಳದ ಕಂಪೆನಿಯ ಪಾಲಾಯಿತು. ತಾನು ಬೆಳೆದ ಸೊಪ್ಪನ್ನು ರೆಝಿ ಹೇಳಿದ ಬೆಲೆಗೆ ರೆಝಿಗೇ ಮಾರಬೇಕಾದ ಅನಾತೋಲಿಯಾದ ರೈತ ಕಳ್ಳಸಾಗಣೆಗೆ ಇಳಿದ. ಕಂಪೆನಿ ತನ್ನದೇ ಸಶಸ್ತ್ರ ಕಾವಲುಪಡೆಯನ್ನು ಕಟ್ಟಿತು. ಬಹಳಷ್ಟು ರಕ್ತ ಹರಿಯಿತು. ತುರ್ಕಿ ಗಣರಾಜ್ಯವು 1925ರಲ್ಲಿ ಆ ಕಂಪೆನಿಯನ್ನು ಕೊನೆಗಾಣಿಸಿತಾದರೂ ಏಕಸ್ವಾಮ್ಯವನ್ನು ಬಿಡಲಿಲ್ಲ, ಸರಕಾರವೇ ಸಿಗರೇಟು ತಯಾರಕನಾಯಿತು. ಸೇದಿದವನ ತಲೆ ಕಡಿದ ರಾಜ್ಯ ಮುನ್ನೂರು ವರ್ಷಗಳಲ್ಲಿ ಸೇದುವವನಿಲ್ಲದೆ ಲೆಕ್ಕ ಸರಿದೂಗಿಸಲಾರದ ಸ್ಥಿತಿಗೆ ಬಂದಿತ್ತು.

ಇರಾನಿನಲ್ಲಿ ಇದಕ್ಕೆ ವಿರುದ್ಧವಾದ ಘಟನೆಯೊಂದು ನಡೆಯಿತು. 1890ರಲ್ಲಿ ನಾಸಿರುದ್ದೀನ್ ಶಾಹ್ ಇಡೀ ದೇಶದ ತಂಬಾಕು ವ್ಯಾಪಾರವನ್ನು ಮೇಜರ್ ಟಾಲ್ಬಟ್ ಎಂಬ ಬ್ರಿಟಿಷನಿಗೆ ಐವತ್ತು ವರ್ಷಗಳ ಗುತ್ತಿಗೆಗೆ ಕೊಟ್ಟ. ಪ್ರತಿಫಲ ವರ್ಷಕ್ಕೆ 15,000 ಪೌಂಡ್ ಮತ್ತು ಲಾಭದಲ್ಲಿ ಕಾಲು ಭಾಗ. 1891ರ ಡಿಸೆಂಬರಿನಲ್ಲಿ ಸಾಮರ್ರಾದಲ್ಲಿದ್ದ ಮಿರ್ಝಾ ಹಸನ್ ಶೀರಾಝಿಯವರ ಹೆಸರಿನಲ್ಲಿ ತಂಬಾಕು ಸೇವನೆ ಸಲ್ಲದು ಎಂಬ ಫತ್ವಾ ಹೊರಟಿತು. ಮುರಾದರ ಖಡ್ಗದಿಂದ ಆಗದ್ದು ಆ ಒಂದು ಚೀಟಿಯಿಂದ ಆಯಿತು. ನಗರ ನಗರಗಳಲ್ಲಿ ಜನ ಹುಕ್ಕಾಗಳನ್ನು ಬದಿಗಿಟ್ಟರು. ಶಾಹನ ಅಂತಃಪುರದ ಮಹಿಳೆಯರೂ ಸೇದುವುದನ್ನು ನಿಲ್ಲಿಸಿದರು. ಮರುತಿಂಗಳೇ ಗುತ್ತಿಗೆ ರದ್ದಾಯಿತು. ಕಂಪೆನಿಗೆ ಪರಿಹಾರ ಕೊಡಲು ಶಾಹ್ 5 ಲಕ್ಷ ಪೌಂಡ್ ಸಾಲ ಮಾಡಿದ ಎಂಬುದು ಬೇರೆ ಕಥೆ. ಫತ್ವಾದ ಗುರಿ ಗುತ್ತಿಗೆಯೇ ಹೊರತು ಶ್ವಾಸಕೋಶವಲ್ಲ. ಗುತ್ತಿಗೆ ಹೋದ ಮೇಲೆ ಹುಕ್ಕಾ ಮರಳಿ ಬಂತು. ಆದರೂ ಬಿಡಲಾಗದ್ದು ಎಂದು ಚಲಬಿ ತಿಳಿದಿದ್ದ ಚಟವನ್ನು ಒಂದು ಸಮುದಾಯ ಸ್ವಂತ ಇಚ್ಛೆಯಿಂದ ವಾರಗಟ್ಟಲೆ ಬಿಟ್ಟಿತ್ತು. ರಮಝಾನಿನ ಹಗಲುಗಳಲ್ಲಿ ಸಿಗರೇಟು ಮುಟ್ಟದವರು ನಮ್ಮ ಮನೆಗಳಲ್ಲೂ ಇದ್ದಾರೆ.

ನಮ್ಮ ನಾಡಿಗೆ ಬರೋಣ. ಟಿಪ್ಪು ಸುಲ್ತಾನರು ಮೈಸೂರು ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿ, ಅದರಿಂದ ಬರುತ್ತಿದ್ದ ಆದಾಯವನ್ನು ಬಿಟ್ಟುಕೊಟ್ಟಿದ್ದರು. 1799ರ ನಂತರ ಅಬಕಾರಿ ಗುತ್ತಿಗೆ ಮರಳಿತು. ಕರ್ನಾಟಕ ಸರಕಾರ 2007ರ ಜುಲೈನಲ್ಲಿ ಸಾರಾಯಿಯನ್ನು ನಿಷೇಧಿಸಿತಾದರೂ ಬಾಟಲಿಯ ಮದ್ಯವನ್ನು ಮುಟ್ಟಲಿಲ್ಲ. ಇಂದು ಅಬಕಾರಿ ಇಲಾಖೆಗೆ ಪ್ರತಿವರ್ಷದ ಬಜೆಟ್ಟಿನಲ್ಲಿ ಸಂಗ್ರಹದ ಗುರಿ ನಿಗದಿಯಾಗುತ್ತದೆ. ಕುಡಿಯುವವರ ಸಂಖ್ಯೆ ಇಳಿಯಬೇಕೆಂಬ ಗುರಿಯನ್ನು ಯಾವ ಬಜೆಟ್ಟಿನಲ್ಲೂ ನಾವು ಕಂಡಿಲ್ಲ. 2013ರಲ್ಲಿ ಗುಟ್ಕಾ ನಿಷೇಧವಾಯಿತು. 2024ರ ಫೆಬ್ರವರಿಯಲ್ಲಿ ಹುಕ್ಕಾ ಬಾರ್‌ಗಳನ್ನು ಮುಚ್ಚುವ, ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸುವ ತಿದ್ದುಪಡಿಯನ್ನು ವಿಧಾನಮಂಡಲ ಅಂಗೀಕರಿಸಿತು.

ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರಿಲ್ಲದ ಮನೆ ಅಪರೂಪ. ಸೌದಿ ಅರೇಬಿಯಾ 2017ರ ಜೂನಿನಲ್ಲಿ, ಯುಎಇ ಅದೇ ವರ್ಷದ ಅಕ್ಟೋಬರಿನಲ್ಲಿ ತಂಬಾಕು ಮತ್ತು ಎನರ್ಜಿ ಡ್ರಿಂಕ್‌ಗಳ ಮೇಲೆ ಶೇ. 100, ಗ್ಯಾಸ್ ತುಂಬಿದ ತಂಪು ಪಾನೀಯಗಳ ಮೇಲೆ ಶೇ. 50 ತೆರಿಗೆ ಹಾಕಿದ್ದನ್ನು ಅವರು ತಮ್ಮ ಜೇಬಿನಿಂದಲೇ ಬಲ್ಲರು. ರೂಮಿನಲ್ಲಿ ಅಡುಗೆ ಮಾಡಿಕೊಂಡು ಊರಿಗೆ ಹಣ ಉಳಿಸುವವನಿಗೆ ಸಿಗರೇಟಿನ ಪ್ಯಾಕು ಒಂದೇ ದಿನದಲ್ಲಿ ದುಬಾರಿಯಾಯಿತು. ಆ ದೇಶಗಳ ಆಗಿನ ಸ್ಥಿತಿಯನ್ನು ನೋಡಿದರೆ, ತೈಲಬೆಲೆ ಕುಸಿದು ಖಜಾನೆಗೆ ಹೊಸ ಆದಾಯ ಬೇಕಾಗಿದ್ದ ಹೊತ್ತು ಅದು. ಮಧುಮೇಹ ಮತ್ತು ಸ್ಥೂಲಕಾಯ ಅಲ್ಲಿ ವಿಪರೀತವಾಗಿರುವುದೂ ನಿಜ. ಎರಡು ಉದ್ದೇಶಗಳಲ್ಲಿ ಯಾವುದು ಮೊದಲು ಎಂದು ಬೇರ್ಪಡಿಸುವುದು ಕಷ್ಟ.

ಬೆಲೆ ಏರಿದರೆ ಬಳಕೆ ಇಳಿಯುತ್ತದೆ ಎಂಬುದರಲ್ಲಂತೂ ಸಂಶಯವಿಲ್ಲ. ತಂಬಾಕಿನ ಬೆಲೆ ಶೇ. 10 ಏರಿದರೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಬಳಕೆ ಶೇ. 5ರಷ್ಟು ಕುಗ್ಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೊದಲು ಬಿಡುವವರು, ಅಥವಾ ಆರಂಭವನ್ನೇ ಮಾಡದವರು, ಕೈಯಲ್ಲಿ ಹಣವಿಲ್ಲದ ಹುಡುಗರು. ಹದಿನಾರು ವರ್ಷದ ಮಗನಿರುವ ತಾಯಿಗೆ ಈ ಅಂಕಿ ವ್ಯಕ್ತಿಸ್ವಾತಂತ್ರ್ಯದ ಎಷ್ಟೋ ಪ್ರಬಂಧಗಳಿಗಿಂತ ದೊಡ್ಡದು. ಚಟ ಹಿಡಿದವನು ಸ್ವತಂತ್ರನಾಗಿ ಆಯ್ಕೆ ಮಾಡುತ್ತಿದ್ದಾನೆ ಎಂಬ ಮಾತನ್ನು, ಬಿಡಲು ಹತ್ತಾರು ಬಾರಿ ಪ್ರಯತ್ನಿಸಿ ಸೋತ ಯಾರನ್ನಾದರೂ ಕೇಳಿ ನೋಡಬಹುದು.

ಹಾಗಿದ್ದರೆ ಬೀಡಿಯ ದರವನ್ನು ಇಳಿಸಿದ್ದೇಕೆ? ಇದಕ್ಕೆ ಉತ್ತರ ದಕ್ಷಿಣ ಕನ್ನಡ ಜಿಲ್ಲೆಯ ಮನೆಗಳ ಜಗಲಿಯಲ್ಲಿದೆ. ಹಲವು ದಶಕಗಳಿಂದ ಇಲ್ಲಿನ ಸಾವಿರಾರು ಮಹಿಳೆಯರು, ಅವರಲ್ಲಿ ಬ್ಯಾರಿ ಮುಸ್ಲಿಮ್ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ, ಮನೆಯಲ್ಲೇ ಕೂತು ಬೀಡಿ ಕಟ್ಟಿ ಸಂಸಾರ ಸಾಗಿಸಿದ್ದಾರೆ. ಬೀಡಿ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಎಲೆ ಕತ್ತರಿಸಿ ಸುರುಳಿ ಸುತ್ತಿ ಕಟ್ಟುಗಳನ್ನು ಒಪ್ಪಿಸುವುದು, ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗಳ ನಷ್ಟವನ್ನು ತಾವೇ ಹೊರುವುದು, ಸಾವಿರಕ್ಕೆ ಇಷ್ಟು ಎಂದು ಮಜೂರಿ ಪಡೆಯುವುದು. ಹೆಣ್ಣುಮಕ್ಕಳ ಮದುವೆಯ ಚಿನ್ನ, ಗಂಡುಮಕ್ಕಳ ಪಾಸ್‌ಪೋರ್ಟ್ ಖರ್ಚು, ಶಾಲೆಯ ಫೀಸು ಆ ಹಣದಿಂದ ಹೊರಟ ಮನೆಗಳು ಎಷ್ಟೋ. ಹೊಗೆಸೊಪ್ಪಿನ ಪುಡಿಯನ್ನು ದಿನವಿಡೀ ಉಸಿರಾಡಿ ಕೆಮ್ಮು ಹತ್ತಿಸಿಕೊಂಡವರೂ ಅವರೇ. ತಂಬಾಕು ಹರಾಮ್ ಎಂಬ ಜುಮಾ ಪ್ರವಚನವನ್ನು ಮಗ ಬಂದು ಹೇಳಿದಾಗ ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿ ಏನು ಉತ್ತರಿಸಬೇಕು ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಚರ್ಚಿಸಿಲ್ಲ.

ಸರಕಾರಗಳು ಬೀಡಿಗೆ ಸದಾ ರಿಯಾಯಿತಿ ಕೊಟ್ಟದ್ದು ಇವರ ಹೆಸರಿನಲ್ಲಿ. ಆದರೆ ಬೀಡಿ ಸೇದುವವನೂ ಬಡವನೇ: ಹಮಾಲಿ, ಕೂಲಿಕಾರ, ಬೋಟಿನಲ್ಲಿ ದುಡಿಯುವವನು. ಬೀಡಿಯ ಹೊಗೆ ಸಿಗರೇಟಿನದ್ದಕ್ಕಿಂತ ಸೌಮ್ಯವೇನಲ್ಲ. ಹೀಗೆ ಒಬ್ಬ ಬಡವಳ ಕೂಲಿಯನ್ನು ಕಾಪಾಡುವ ಹೆಸರಿನಲ್ಲಿ ಇನ್ನೊಬ್ಬ ಬಡವನ ಕಾಯಿಲೆಯನ್ನು ಅಗ್ಗವಾಗಿ ಇಡಲಾಗಿದೆ. ತೆರಿಗೆ ಇಳಿದಾಗ ಉಳಿದ ಹಣ ಮಜೂರಿಯಾಗಿ ಕಟ್ಟುವವಳ ಕೈ ಸೇರಬೇಕೆಂಬ ಷರತ್ತು ಆ ದರಪಟ್ಟಿಯಲ್ಲಿ ಇಲ್ಲ.

ಒಂದು ಕಾಲಕ್ಕೆ ಇದಕ್ಕಿಂತ ಉತ್ತಮವಾದ ವ್ಯವಸ್ಥೆಯಿತ್ತು. 1976ರ ಕಾನೂನಿನ ಮೂಲಕ ಬೀಡಿಯ ಮೇಲೆ ಪ್ರತ್ಯೇಕ ಸೆಸ್ ವಿಧಿಸಿ, ಅದನ್ನು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಮೀಸಲಿಡಲಾಗಿತ್ತು. ಕಾರ್ಮಿಕರ ಚಿಕಿತ್ಸಾಲಯಗಳು, ಮನೆ ಕಟ್ಟಲು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ ಆ ನಿಧಿಯಿಂದ ನಡೆಯುತ್ತಿದ್ದವು. 'ಬೀಡಿ ಸ್ಕಾಲರ್‌ಶಿಪ್' ಎಂಬ ಹೆಸರು ಕರಾವಳಿಯ ಶಾಲೆಗಳಲ್ಲಿ ಓದಿದವರಿಗೆಲ್ಲ ಗೊತ್ತು. ತಾಯಿಯ ಬೀಡಿ ಕಾರ್ಡಿನ ಬಲದಿಂದ ಪುಸ್ತಕ ಕೊಂಡವರು ಇಂದು ಶಿಕ್ಷಕರಾಗಿ, ನರ್ಸುಗಳಾಗಿ, ಇಂಜಿನಿಯರುಗಳಾಗಿ ದುಡಿಯುತ್ತಿದ್ದಾರೆ. ಅವರು ಯಾರೂ ಬೀಡಿ ಕಟ್ಟುತ್ತಿಲ್ಲ. ಹಾನಿಕರ ವಸ್ತುವಿನ ಮೇಲೆ ಹಾಕಿದ ಸುಂಕ ಆ ವಸ್ತುವಿನ ಅವಲಂಬನೆಯಿಂದ ಜನರನ್ನು ಬಿಡಿಸಲು ಬಳಕೆಯಾದ ನಿದರ್ಶನ ಇಷ್ಟು ಹತ್ತಿರದಲ್ಲಿ ಇನ್ನೊಂದು ನಮಗೆ ಕಾಣುವುದಿಲ್ಲ.

ಅನ್ಯಾಯದ ಸುಂಕವನ್ನು, ಅಂದರೆ ಮಕ್ಸ್ ಅನ್ನು, ಹದೀಸ್‌ಗಳು ಕಠಿಣವಾಗಿ ಖಂಡಿಸಿವೆ. ಆದರೆ ಖಜಾನೆ ಬರಿದಾಗಿ ಸಾರ್ವಜನಿಕ ಅಗತ್ಯ ಎದುರಾದಾಗ ಆ ಅಗತ್ಯದ ಮಟ್ಟಿಗೆ ಉಳ್ಳವರಿಂದ ತೆರಿಗೆ ಪಡೆಯಬಹುದೆಂದು ಗಝ್ಝಾಲಿ(ರ) ಮತ್ತು ಶಾತಿಬಿ(ರ) ಅಭಿಪ್ರಾಯಪಟ್ಟಿದ್ದಾರೆ. ಯಾವ ಅಗತ್ಯಕ್ಕಾಗಿ ಪಡೆಯಲಾಯಿತೋ ಅದಕ್ಕೇ ಅದು ಸಲ್ಲಬೇಕು. ಆ ಅಳತೆಗೋಲಿಗೆ ಬೀಡಿ ಸೆಸ್ ಬಹುಮಟ್ಟಿಗೆ ಸರಿಹೊಂದುತ್ತಿತ್ತು. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಆ ಸೆಸ್ ರದ್ದಾಯಿತು. ಕಲ್ಯಾಣ ಯೋಜನೆಗಳು ತಮ್ಮದೇ ಆದಾಯ ಮೂಲವನ್ನು ಕಳೆದುಕೊಂಡು ಕೇಂದ್ರ ಬಜೆಟ್ಟಿನ ಹಂಚಿಕೆಯನ್ನು ಕಾಯುವಂತಾಯಿತು. ಬೀಡಿಯ ಮೇಲೆ ವಿಧಿಸಿದ ಶೇ. 28 ಸಾಮಾನ್ಯ ಖಜಾನೆಗೆ ಹೋಯಿತು. ಈಗಿನ ಶೇ. 18ರ ದಾರಿಯೂ ಅದೇ. ಆ ಸೆಸ್ ಮರಳಿ ಬರಲಿ, ಬೀಡಿ ಕಟ್ಟುವುದನ್ನು ಬಿಟ್ಟು ಬೇರೆ ಉದ್ಯೋಗ ಕಲಿಯಬಯಸುವ ಮಹಿಳೆಗೆ ಅದರಿಂದ ತರಬೇತಿಯೂ ಭತ್ಯೆಯೂ ಸಿಗಲಿ ಎಂಬ ಬೇಡಿಕೆಯನ್ನು ನಮ್ಮ ಜಮಾಅತ್‌ಗಳೂ ಕಾರ್ಮಿಕ ಸಂಘಗಳೂ ಸಂಸದರ ಮುಂದೆ ಇಡಲು ಅಡ್ಡಿಯೇನಿಲ್ಲ. ಮಸೀದಿಯ ಪಕ್ಕದ ಅಂಗಡಿಯಲ್ಲಿ ಬಿಡಿ ಸಿಗರೇಟು ಮಾರುವ ನಮ್ಮವರೊಂದಿಗೆ ಮಾತಾಡಲು ಸಂಸತ್ತಿನ ಅಧಿವೇಶನವನ್ನೂ ಕಾಯಬೇಕಾಗಿಲ್ಲ.